ಅತ್ತೆ ಮಾಳಿಗೆ ಏರಿದ ಪಾಡ್ಯ

ಸ್ಟೀಲ್ ತಟ್ಟೆ ಕಲ್ಲಿನ ಮೇಲೆ ಬಿದ್ದ ಸದ್ದು ಕೇಳಿದರೆ ಈಗಲೂ ನಾನು ಕೈಗೆ ಸಿಕ್ಕಿದ್ದನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ. ಒಮ್ಮೆ ಮದುವೆಯ ಊಟದ ಸಾಲಿನಲ್ಲಿ ಹೀಗೆ ಹಿಡಿದದ್ದು ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರ ಮೊಣಕೈಯನ್ನು. ಅವರ ಕೈಯಲ್ಲಿದ್ದ ಪಾಯಸದ ಲೋಟ ಅವರ ಅಂಗಿಯ ಮೇಲಾಯಿತು. ಅವರಿಗೆ ನಾನು ಏನೆಂದು ಹೇಳಲಿ? ನಮ್ಮತ್ತೆ ಗಾಳಿಯಲ್ಲಿ ನೇತಾಡುತ್ತಿದ್ದಾಳೆ, ಸ್ವಲ್ಪ ತಾಳಿ ಎನ್ನಲೇ?

ತೊಂಬತ್ತರ ದಶಕದ ನಡುವಿನ ಮಾತು. ನಾನು ಹುಡುಗಿಯರ ಹಾಸ್ಟೆಲಿನಲ್ಲಿದ್ದು ಹರಪನಹಳ್ಳಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ದೀಪಾವಳಿ ರಜೆಗೆಂದು ಹಗರಿಬೊಮ್ಮನಹಳ್ಳಿಯ ನಮ್ಮ ಮನೆಗೆ ಬಂದರೆ, ಮನೆ ಸಣ್ಣದೊಂದು ಬಸ್ ಸ್ಟ್ಯಾಂಡಿನಂತಾಗಿತ್ತು. ಬಾಗಿಲ ಬಳಿ ಒಂದು ವಾಕರ್, ಅದಕ್ಕೆ ಒರಗಿಸಿದ ಒಂದು ಊರುಗೋಲು. ವಾಕರ್ ಅತ್ತೆಯದು, ಎಂದರೆ ಅಪ್ಪನ ಅಕ್ಕನದು. ಊರುಗೋಲು ಮಾವನದು, ಅವ್ವನ ಅಣ್ಣನದು. ಹಬ್ಬಕ್ಕೆ ಅಪ್ಪನಿಗೆ ಆರತಿ ಎತ್ತಲು ಅತ್ತೆ ಬಂದಿದ್ದಳು. ಅವ್ವನ ಕೈಯಲ್ಲಿ ಆರತಿ ಎತ್ತಿಸಿಕೊಳ್ಳಲು ಮಾವ ಬಂದಿದ್ದ. ಹೀಗಾಗಿ ಇಬ್ಬರಲ್ಲಿ ಒಬ್ಬರಿಗೆ ಮುಂದಿನ ಸಲ ಬನ್ನಿ ಎನ್ನುವ ಧೈರ್ಯ ಅಪ್ಪನಿಗೂ ಇರಲಿಲ್ಲ, ಅವ್ವನಿಗೂ ಇರಲಿಲ್ಲ.

ಅತ್ತೆ ಹರಪನಹಳ್ಳಿಯ ತನ್ನ ಮನೆಯ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡು ರಾಡ್ ಹಾಕಿಸಿಕೊಂಡಿದ್ದಳು. ಮಾವ ಕೊಟ್ಟೂರಿನಲ್ಲಿ ಹತ್ತಿ ಅಂಡಿಗೆಗಳನ್ನು, ಎಂದರೆ ಒತ್ತಿ ಕಟ್ಟಿದ ದೊಡ್ಡ ಮೂಟೆಗಳನ್ನು, ಲಾರಿಗೆ ಏರಿಸುವ ಹಮಾಲರ ಮೇಸ್ತ್ರಿಯಾಗಿದ್ದವನು. ಒಂದು ಅಂಡಿಗೆ ಅವನ ಮೊಣಕಾಲಿನ ಮೇಲೆ ಇಳಿದ ಮೇಲೆ ಆ ಕಾಲು ಮಡಚುವುದನ್ನು ಬಿಟ್ಟಿತ್ತು. ಇವರಿಬ್ಬರಿಗಾಗಿ ಅಪ್ಪ ಹೊಸ್ತಿಲಿಗೆ ಎರಡೂ ಕಡೆ ಇಳಿಜಾರು ಹಲಗೆ ಹಾಕಿಸಿದ್ದ. ಅದರ ಮೇಲೆ ಜಾರಿ ಬಿದ್ದವನು ಅಪ್ಪ ಒಬ್ಬನೇ. ಹಳೆಯ ಕುರ್ಚಿಯೊಂದರ ನಡುವೆ ದುಂಡಗೆ ಕೊರೆಸಿ ಪಾಯಖಾನೆಯಲ್ಲಿ ಇಟ್ಟಿದ್ದರು. ಬೆಳಿಗ್ಗೆ ಆ ಕುರ್ಚಿಗೆ ಮೊದಲು ಯಾರು ಎಂಬುದೇ ದಿನದ ಮೊದಲ ಜಗಳ. ವಾಕರ್ ಟಕ್ ಟಕ್ ಎನ್ನುವುದು ಒಂದು ಕಡೆಯಿಂದ, ಊರುಗೋಲು ಡಬ್ ಡಬ್ ಎನ್ನುವುದು ಇನ್ನೊಂದು ಕಡೆಯಿಂದ. ಪಡಸಾಲೆಯ ನಡುವೆ ಇಬ್ಬರೂ ಎದುರಾಗುವರು.

"ಬೀಗ್ರು ಭಾಳ ಅರ್ಜೆಂಟ್ ಹೊಂಟೀರಿ," ಎನ್ನುವಳು ಅತ್ತೆ.

"ನೀವು ಮುಂದ ನಡೀರಿ ಅಕ್ಕಾರ. ನೀವು ಒಳಗ ಹೋಗಿ ಬರೂದ್ರಾಗ ನಾ ಕೊಟ್ಟೂರಿಗೆ ಹೋಗಿ ಬರ್ತೀನಿ," ಎನ್ನುವನು ಮಾವ.

ಮನೆಯಲ್ಲಿ ಮೆಲ್ಲಗೆ ನಡೆಯುವವರ ಪೈಕಿ ಮೂರನೆಯದು ನಮ್ಮ ಮುದಿ ಎತ್ತು. ಜೋಡಿ ಸತ್ತ ಮೇಲೆ ಅದನ್ನು ಮಾರಲು ಅಪ್ಪನಿಗೆ ಮನಸ್ಸಾಗದೆ ಹಿತ್ತಲಿನ ಬೇವಿನ ಮರದ ಕೆಳಗೆ ಕಟ್ಟಿದ್ದರು. ಅದು ಓಡಿದ್ದನ್ನು ನಾನು ಕಂಡಿರಲಿಲ್ಲ. ಬಾನಿಯವರೆಗೆ ಹೋಗಿ ನೀರು ಕುಡಿದು ಬರಲು ಅದಕ್ಕೆ ಅರ್ಧ ಬೆಳಗು ಬೇಕಾಗುತ್ತಿತ್ತು.

ಅತ್ತೆಯನ್ನು ಕಾರಿನಿಂದ ಇಳಿಸಿದ ದಿನ ಅವಳ ಮಗ ಅಪ್ಪನನ್ನು ಕರೆದು ಎಲ್ಲರೆದುರೇ ಹೇಳಿದ್ದ: "ನೋಡ್ರಿ ಮಾವ, ಡಾಕ್ಟ್ರು ಹೇಳ್ಯಾರೆ, ಇನ್ನೊಂದು ಸಲ ಬಿದ್ರೆ ಮುಗೀತು ಅಂತ. ಮೆಟ್ಲು ಹತ್ತಂಗಿಲ್ಲ, ಏಣಿ ಹತ್ತಂಗಿಲ್ಲ. ಹತ್ತಿದ್ಲು ಅಂತ ಗೊತ್ತಾದ್ರೆ ಇದೇ ಕೊನೆ. ಮುಂದೆ ಯಾವ ಹಬ್ಬಕ್ಕೂ ಕಳ್ಸಲ್ಲ." ಅವನು ಹಟಮಾರಿ, ಹೇಳಿದ್ದನ್ನು ಮಾಡುವವನು. ಅತ್ತೆ ಅಷ್ಟು ಹೊತ್ತೂ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಿದ್ದಳು. ಕಾರು ಹೋದ ಮೇಲೆ ನನ್ನ ಕಡೆ ನೋಡಿ, "ಮುರದಿದ್ದು ನನ್ನ ಎಲಬು. ಬುದ್ಧಿ ಇವನದು ಮುರದೈತಿ," ಎಂದಳು. ಆದರೆ ಅವಳ ದನಿಯಲ್ಲಿ ಎಂದಿನ ಏರು ಇರಲಿಲ್ಲ. ತವರು ಮನೆಗೆ ಬರುವುದು ತಪ್ಪಿದರೆ ಅವಳಿಗೆ ಉಳಿಯುವುದು ಹರಪನಹಳ್ಳಿಯ ಮನೆಯ ಒಂದು ಕೋಣೆ, ಒಂದು ಕಿಟಕಿ. ಆ ಕಿಟಕಿಯ ಆಚೆ ಇದ್ದದ್ದು ಇನ್ನೊಬ್ಬರ ಗೋಡೆ.

ಇಷ್ಟಿದ್ದರೂ ಅವಳು ಮಾಳಿಗೆ ಏರಬೇಕೆಂದು ಯಾಕೆ ಹಟ ಹಿಡಿದಳು ಎಂದು ಹೇಳಬೇಕು. ಪಾಡ್ಯದ ಬೆಳಿಗ್ಗೆ ನಮ್ಮಲ್ಲಿ ಸಗಣಿಯಿಂದ ಸಣ್ಣ ಸಣ್ಣ ಹಟ್ಟೆವ್ವಗಳನ್ನು ಮಾಡಿ, ತಲೆಗೆ ಚೆಂಡು ಹೂ, ಉತ್ತರಾಣಿ ಕಡ್ಡಿ ಸಿಕ್ಕಿಸಿ ಬಾಗಿಲುಗಳ ಎರಡೂ ಬದಿಗೆ ಇಡುತ್ತಾರೆ. ನಮ್ಮ ಮನೆಯಲ್ಲಿ ಕೊನೆಯದನ್ನು ಮಾಳಿಗೆಯ ಮೂಲೆಯಲ್ಲಿ ಇಡಬೇಕು, ಅದನ್ನು ಮನೆಯ ಹಿರಿಯ ಮಗಳೇ ಇಡಬೇಕು. ಅತ್ತೆ ಲಂಗ ತೊಡುವ ಕಾಲದಿಂದ ಇಟ್ಟವಳು. ಅವಳ ಕಾಲು ಮುರಿದ ವರ್ಷ ನಾನೂ ಊರಲ್ಲಿರದೆ ಆ ಕೆಲಸ ಅವ್ವನ ಪಾಲಿಗೆ ಬಂತು. ಮನೆಗೆ ಬಂದ ಸೊಸೆ ಇಟ್ಟದ್ದನ್ನು ಅತ್ತೆ ಒಪ್ಪಲಿಲ್ಲ.

"ಓಣಿ ಕಡೆ ಮುಖ ಮಾಡಿ ಇಟ್ಟಾಳ. ಮೂಡಲಕ್ಕ ಇಡಬೇಕು," ಎಂದು ಮತ್ತೆ ಮತ್ತೆ ಹೇಳುತ್ತಿದ್ದಳು.

"ಸಗಣಿ ಉಂಡಿಗೆ ಮುಖ ಯಾವ ಕಡಿ, ಬೆನ್ನು ಯಾವ ಕಡಿ ಅಂತ ತೋರಸ್ರಿ, ಇಡ್ತೀನಿ," ಎನ್ನುತ್ತಿದ್ದಳು ಅವ್ವ.

"ಇಲ್ಲಿ ಕುಂತು ತೋರಸಾಕ ಬರೂದಿಲ್ಲ. ಮ್ಯಾಲೆ ಹೋಗಿ ತೋರಸಬೇಕು."

ನಮ್ಮದು ಹಳೆಯ ಮಣ್ಣಿನ ಮಾಳಿಗೆ ಮನೆ. ಮೇಲೆ ಹೋಗಲು ಇದ್ದದ್ದು ಹಿತ್ತಲಲ್ಲಿ ಒರಗಿಸಿದ ಒಂದು ಬಿದಿರಿನ ಏಣಿ ಮಾತ್ರ. ಒಳ್ಳೆಯ ಕಲ್ಲಿನ ಮೆಟ್ಟಿಲು ಇದ್ದದ್ದು ಪಕ್ಕದ ಮನೆಗೆ. ಎರಡೂ ಮನೆಗಳ ಮಾಳಿಗೆ ಒಂದೇ ಸಾಲು. ನಡುವೆ ಇದ್ದ ಮಣ್ಣಿನ ಗೋಡೆ ಮಳೆಗೆ ಕುಸಿದು ಹೊಸ್ತಿಲಿನಷ್ಟೇ ಉಳಿದಿತ್ತು. ಪಕ್ಕದ ಮನೆಯ ಮೆಟ್ಟಿಲ ಮೇಲೆ ಕೂತುಕೊಂಡೇ ಒಂದೊಂದಾಗಿ ಏರಿದ್ದರೆ ಅತ್ತೆ ನಮ್ಮ ಮಾಳಿಗೆ ತಲುಪಬಹುದಿತ್ತು. ಆದರೆ ಅದನ್ನು ಬಾಯಿ ಬಿಟ್ಟು ಹೇಳುವ ಎದೆ ಯಾರಿಗೂ ಇರಲಿಲ್ಲ. ಓಣಿಯವರೆಲ್ಲ ದೊಡ್ಡಮ್ಮ ಎನ್ನುತ್ತಿದ್ದ ಆ ಮನೆಯ ಹೆಂಗಸು ಮತ್ತು ನಮ್ಮತ್ತೆ ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ಅತ್ತೆಯ ಮದುವೆಯ ಮರುದಿನ ಅವಳೇ ಮಾಡಿದ ಹೋಳಿಗೆಯನ್ನು ದೊಡ್ಡಮ್ಮ ಎರಡು ಕೈಯಿಂದ ಎಳೆದು ನೋಡಿ, "ಇದರಾಗ ಒಂದು ಜೊತಿ ಮೆಟ್ಟು ಹೊಲಿಬಹುದು," ಎಂದಿದ್ದಳಂತೆ. ಅಂದಿನಿಂದ ಇಬ್ಬರೂ ನೇರ ಮಾತಾಡಿಲ್ಲ. ಹಾಗೆಂದು ಮಾತು ನಿಂತಿತ್ತೆಂದಲ್ಲ. ದೊಡ್ಡಮ್ಮ ನಮ್ಮ ಎತ್ತಿಗೆ ಹೇಳುವಳು, ಅತ್ತೆ ಬೇವಿನ ಮರದ ಕಾಗೆಗೆ ಹೇಳುವಳು. ಹಿತ್ತಲಿನ ಗೋಡೆಯ ಈಚೆ ಆಚೆ ಇಡೀ ಜಗಳ ಎತ್ತು ಮತ್ತು ಕಾಗೆಯ ಹೆಸರಿನಲ್ಲೇ ನಡೆದುಹೋಗುತ್ತಿತ್ತು.

ಪಾಡ್ಯದ ಬೆಳಿಗ್ಗೆ ಅಪ್ಪ, ಅವ್ವ ಇಬ್ಬರೂ ನಮ್ಮ ಕಿರಾಣಿ ಅಂಗಡಿಯ ಪೂಜೆಗೆ ಹೋದರು. ಹೋಗುವಾಗ ಅವ್ವ ನನಗೆ ಹೇಳಿದಳು: "ಇವರಿಬ್ಬರನ್ನ ಒಂದ ಕಡೆ ಕುಂಡರಸಬ್ಯಾಡ."

ಅವರು ಓಣಿಯ ತಿರುವು ದಾಟುವುದರೊಳಗೆ ಇಬ್ಬರೂ ಹಿತ್ತಲಿನಲ್ಲಿ ಒಂದೇ ಕಡೆ ಕೂತಿದ್ದರು. ಅತ್ತೆ ಕತ್ತೆತ್ತಿ ಮಾಳಿಗೆಯ ಅಂಚಿನ ಗಿಡ್ಡ ಕುಂಬಿ ಗೋಡೆಯನ್ನು ನೋಡುತ್ತಿದ್ದಳು. ಅಲ್ಲಿಂದ ಒಂದು ಮರದ ತೊಲೆ ಹಿತ್ತಲಿನ ಕಡೆ ಚಾಚಿಕೊಂಡಿತ್ತು. ಅದರ ತುದಿಗೆ ಬಾವಿಯ ರಾಟೆ. ಒಣಗಿಸಲು ಮೆಕ್ಕೆಜೋಳದ ಚೀಲಗಳನ್ನು ಅಪ್ಪ ಅದರಿಂದಲೇ ಮೇಲೆ ಎಳೆಸುತ್ತಿದ್ದ.

"ಚೀಲ ಏರ್ತೈತಲ್ಲ ಬೀಗ್ರ," ಎಂದಳು ಅತ್ತೆ.

"ಏರ್ತೈತಿ," ಎಂದ ಮಾವ.

"ನಾನೇನು ಎರಡು ಚೀಲ ಆಗಬಹುದು."

"ಎರಡೂವರಿ," ಎಂದ ಮಾವ. "ಅದಕ್ಕೇನು. ನಾನು ಕೊಟ್ಟೂರಾಗ ನಿಮ್ಮಂಥ ಅಂಡಿಗಿ ಎಷ್ಟು ಏರಿಸೀನಿ. ಒಂದಾದ್ರೂ ಬಿದ್ದದ್ದಿಲ್ಲ."

"ನಿಮ್ಮ ಮೊಣಕಾಲ ಮ್ಯಾಲೆ ಬಿದ್ದದ್ದು?"

"ಅದು ಬಿದ್ದದ್ದಲ್ಲ ಅಕ್ಕಾರ, ಇಳಿದದ್ದು."

ಒಂದೇ ರಾಟೆಯಿಂದ ಭಾರ ಕಡಿಮೆಯಾಗುವುದಿಲ್ಲ, ಎಳೆಯುವ ದಿಕ್ಕು ಮಾತ್ರ ಬದಲಾಗುತ್ತದೆ ಎಂದು ನಾನು ಪರೀಕ್ಷೆಗೆ ಓದಿದ್ದನ್ನು ಹೇಳಿದೆ. ಮಗ ಹೇಳಿಹೋದದ್ದನ್ನೂ ನೆನಪಿಸಿದೆ. ಅತ್ತೆ ತಿರುಗಿ ನನ್ನನ್ನು ನೋಡಿದಳು. "ಅವನು ಏನಂದಾನ? ಮೆಟ್ಟಲಾ ಹತ್ತಬಾರದು, ಏಣಿ ಹತ್ತಬಾರದು. ಕುರ್ಚಿಮ್ಯಾಗ ಕುಂಡರಬಾರದು ಅಂದಾನೇನು?" ಬಿ.ಎಸ್ಸಿ.ಯಲ್ಲಿ ಇದಕ್ಕೆ ಉತ್ತರ ಕಲಿಸಿರಲಿಲ್ಲ.

ಭಾರ ಎಳೆಯಲು ಎತ್ತು ಎಂದು ಮಾವ ತೀರ್ಮಾನಿಸಿದ. ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಚೆಂಡು ಹೂವಿನ ಸರ ಹಾಕಿ ಬೆಳಿಗ್ಗೆಯೇ ಅದಕ್ಕೆ ಪೂಜೆಯಾಗಿತ್ತು. ಮಾವ ಹೇಳಿದಂತೆ ನಾನು ಅದರ ಎದೆಗೆ ಗೋಣಿ ತಟ್ಟು ಸುತ್ತಿ ಹಗ್ಗ ಬಿಗಿದೆ. ಹಿತ್ತಲಿನ ಆ ತುದಿಯ ಗೇಟಿನ ಬಳಿ ಒಂದು ಹೊರೆ ಹಸಿ ಸೊಪ್ಪೆ ಹಾಕಿದೆ. ಎತ್ತು ಮೇವಿನ ಕಡೆ ಹೋದಂತೆಲ್ಲ ಅತ್ತೆ ಮೇಲೆ ಹೋಗಬೇಕು. ಮಾವ ನಡುವೆ ಒರಳುಕಲ್ಲಿನ ಮೇಲೆ ಕೂತು ಬಾಯಿಯಲ್ಲೇ ಎತ್ತನ್ನು ನಡೆಸುವುದು. ನಾನು ಏಣಿಯಿಂದ ಮಾಳಿಗೆಗೆ ಹೋಗಿ ಕುರ್ಚಿಯನ್ನು ಒಳಕ್ಕೆ ಎಳೆದುಕೊಳ್ಳುವುದು. ಅಂಗಡಿಯಿಂದ ಬಂದಿದ್ದ ಕೈಯಿರುವ ಮರದ ಕುರ್ಚಿಯನ್ನು ಮಾವ ನಾಲ್ಕು ಕಡೆಯಿಂದ ಕಟ್ಟಿದ. ಅತ್ತೆಯನ್ನು ಅದರಲ್ಲಿ ಕೂರಿಸಿ ಹಳೆಯ ಸೀರೆಯಿಂದ ಸೊಂಟಕ್ಕೆ ಬಿಗಿದು ಎಡಗಡೆಗೆ ಗಂಟು ಹಾಕಿದ.

"ಇದು ಹಮಾಲರ ಗಂಟು," ಎಂದ ಹೆಮ್ಮೆಯಿಂದ. "ಆನಿ ಎಳದ್ರೂ ಬಿಚ್ಚೂದಿಲ್ಲ. ಇಳಿಸಿದ ಮ್ಯಾಲೆ ಈ ತುದಿ ಹಿಡಿದು ಒಂದು ಜಗ್ಗು ಜಗ್ಗಿದ್ರ ಪೂರಾ ಬಿಚ್ಕೊಂತೈತಿ."

ಹತ್ತಿ ಅಂಡಿಗೆಗೆ ಅದಕ್ಕಿಂತ ಒಳ್ಳೆಯ ಗಂಟು ಇರಲಿಕ್ಕಿಲ್ಲ. ಅಂಡಿಗೆಗೆ ಕೈ ಇರುವುದಿಲ್ಲ ಎಂಬುದು ಆಗ ನಮ್ಮ ಮೂವರಲ್ಲಿ ಯಾರಿಗೂ ಹೊಳೆಯಲಿಲ್ಲ. ಬಾಯಿಯೂ ಇರುವುದಿಲ್ಲ.

ಅತ್ತೆ ಸ್ಟೀಲ್ ತಟ್ಟೆಯಲ್ಲಿ ಹಟ್ಟೆವ್ವಗಳನ್ನು ಇಟ್ಟುಕೊಂಡು, ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಬಸ್ಸಿನ ಕಿಟಕಿ ಸೀಟು ಸಿಕ್ಕವಳಂತೆ ಕೂತಳು. ಮಾವ ಎತ್ತಿಗೆ "ಹೊ" ಎಂದ. ಎತ್ತು ಸೊಪ್ಪೆಯನ್ನು ನೋಡಿತು, ಯೋಚಿಸಿತು, ಒಂದು ಹೆಜ್ಜೆ ಇಟ್ಟಿತು. ರಾಟೆ ಕಿರ್ ಎಂದಿತು. ಅತ್ತೆಯ ಕಾಲುಗಳು ನೆಲ ಬಿಟ್ಟವು.

ನಿಜ ಹೇಳಬೇಕೆಂದರೆ ಅದು ಚಂದವಾಗಿಯೇ ಇತ್ತು. ಎತ್ತು ಒಂದು ಹೆಜ್ಜೆ, ಅತ್ತೆ ಒಂದು ಗೇಣು. ಮೇಲಿನಿಂದ ನನಗೆ ಅವಳ ಬೈತಲೆ ಕಾಣುತ್ತಿತ್ತು, ಆಮೇಲೆ ಹಣೆ, ಆಮೇಲೆ ನಗುವ ಬಾಯಿ. ಕಿಟಕಿಯ ಮಟ್ಟ ದಾಟಿದಾಗ, "ಲೇ ಹುಡುಗಿ, ನಿಮ್ಮವ್ವ ಕಿಟಕಿ ಮ್ಯಾಲಿನ ಜೇಡರ ಬಲಿ ತಗದಿಲ್ಲ ನೋಡು," ಎಂದಳು. ತಂಬ್ರಹಳ್ಳಿ ಕಡೆಯ ಹೊಲಗಳ ಹಸಿರು ಅವಳಿಗೆ ಅಲ್ಲಿಂದ ಕಂಡಿತೋ ಏನೋ, ಆ ಕಡೆ ಕತ್ತು ಚಾಚಿದಳು. ಕುಂಬಿ ಗೋಡೆಗೆ ಇನ್ನು ಒಂದು ಮೊಳ ಇತ್ತು. ನಾನು ಕೈ ಚಾಚಿದ್ದೆ.

ಆಗ ಗೇಟು ತೆರೆಯಿತು. ಪಕ್ಕದ ಮನೆಯ ದೊಡ್ಡಮ್ಮ ಒಳಗೆ ಬಂದಳು. ಎತ್ತಿಗೆ ಕೊಡಲು ಹಬ್ಬದ ಕಡುಬು ತಂದಿದ್ದಳು, ಪ್ರತಿ ವರ್ಷ ತರುತ್ತಿದ್ದಳು. ಎತ್ತು ಅವಳನ್ನು ಕಂಡು ನಿಂತಿತು. ಅತ್ತೆಯೂ ನಿಂತಳು, ಗಾಳಿಯಲ್ಲಿ.

ದೊಡ್ಡಮ್ಮ ಹಗ್ಗವನ್ನು ನೋಡಿದಳು, ಹಗ್ಗದ ದಾರಿ ಹಿಡಿದು ರಾಟೆಯನ್ನು ನೋಡಿದಳು, ರಾಟೆಯ ಕೆಳಗೆ ಅತ್ತೆಯನ್ನು ನೋಡಿದಳು. ಆಮೇಲೆ ಎತ್ತಿನ ಹಣೆ ಸವರುತ್ತ ಹೇಳಿದಳು: "ಏನಪಾ ಬಸವಣ್ಣ, ಪಾಡ್ಯದ ದಿನಾನೂ ನಿನ್ನ ದುಡಸಾಕತ್ತಾರಲ್ಲ. ಎತ್ತಿಗೆ ಕೈ ಮುಗಿಯೋ ದಿನ ಇವತ್ತು. ಈ ಮನಿಯವ್ರಿಗೆ ಅಷ್ಟೂ ಗೊತ್ತಿಲ್ಲೇನು?"

ಅತ್ತೆ ಜೀವಮಾನದಲ್ಲಿ ಒಂದು ಮಾತನ್ನೂ ಉತ್ತರ ಕೊಡದೆ ಬಿಟ್ಟವಳಲ್ಲ. ಬೇವಿನ ಮರದಲ್ಲಿ ಆಗ ಕಾಗೆ ಇರಲಿಲ್ಲ. ಅದಕ್ಕೂ ಅವಳು ಕಾಯಲಿಲ್ಲ.

"ಕಾಗೀ, ಆಕಿಗೆ ಹೇಳವ್ವ," ಎಂದು ಕುರ್ಚಿಯಿಂದ ಬಗ್ಗಿ ಬೆರಳು ಚಾಚಿದಳು. "ನೊಗ ಹೂಡಿದ್ರ ದುಡಿಸಿದಂಗ. ನಾವು ನೊಗ ಹೂಡಿಲ್ಲ, ಹಗ್ಗ..."

ಬಗ್ಗಿದ ಕೂಡಲೇ ಕುರ್ಚಿ ಒಂದು ಕಡೆ ವಾಲಿತು. ತೊಡೆಯ ಮೇಲಿನ ತಟ್ಟೆ ಜಾರಿ, ಕೆಳಗಿನ ಚಪ್ಪಡಿ ಕಲ್ಲಿನ ಮೇಲೆ ಬಿತ್ತು.

ಆ ಸದ್ದಿಗೆ ಎತ್ತು ಓಡಿತು. ಬಾನಿಯವರೆಗೆ ಹೋಗಲು ಅರ್ಧ ಬೆಳಗು ತೆಗೆದುಕೊಳ್ಳುತ್ತಿದ್ದ ಎತ್ತು, ಬಣ್ಣದ ಕೊಂಬು ಬೀಸುತ್ತ, ಹೂವಿನ ಸರ ಹರಿದು ಚೆಲ್ಲುತ್ತ ಗೇಟಿನ ಕಡೆ ನುಗ್ಗಿತು. ಅತ್ತೆ ಕುರ್ಚಿಸಮೇತ ಒಂದೇ ನೆಗೆತಕ್ಕೆ ಮೇಲೆ ಬಂದಳು. ಕುರ್ಚಿಯ ತಲೆ ತೊಲೆಗೆ ಬಡಿದು ಅಲ್ಲೇ ಸಿಕ್ಕಿಕೊಂಡಿತು. ಇನ್ನು ಮೇಲೆ ಹೋಗಲು ಜಾಗವಿಲ್ಲ, ಎತ್ತು ಇನ್ನೂ ಎಳೆಯುತ್ತಲೇ ಇದೆ. ಕುಂಬಿಯ ಮಣ್ಣಿನಲ್ಲಿ ಹೂತಿದ್ದ ತೊಲೆ ಅಲುಗಾಡಿತು.

ಆ ಮಣ್ಣು ಉದುರಿದ್ದು ಈಗಲೂ ನನ್ನ ಕಣ್ಣ ಮುಂದಿದೆ. ಮೊದಲು ಹಿಟ್ಟಿನಂತೆ ಸಣ್ಣಗೆ, ಆಮೇಲೆ ಹೆಂಟೆ ಹೆಂಟೆಯಾಗಿ. ನಾನು ಕುಂಬಿಯ ಮೇಲೆ ಹೊಟ್ಟೆ ಹಾಕಿ ಮಲಗಿ ಅತ್ತೆಯ ಬಲತೋಳನ್ನು ಎರಡೂ ಕೈಯಿಂದ ಹಿಡಿದಿದ್ದೆ. ಅವಳ ಬಳೆಯೊಂದು ನನ್ನ ಅಂಗೈಯಲ್ಲಿ ಒಡೆಯಿತು. ಎತ್ತು ಮುಂದೆ ಹೋದರೆ ತೊಲೆ ಕಿತ್ತು ಬರುತ್ತದೆ. ಹಿಂದೆ ಬಂದರೆ ಅತ್ತೆ ಕೆಳಗೆ ಬೀಳುತ್ತಾಳೆ. ಎರಡೂ ಗೊತ್ತಿತ್ತು, ತೋಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದು ಕಂಡಿತು. ವಾಲಿದ ಕುರ್ಚಿಯಲ್ಲಿ ಆಸರೆಗಾಗಿ ತಡಕಾಡಿದ ಅತ್ತೆಯ ಎಡಗೈ ಗಟ್ಟಿಯಾಗಿ ಹಿಡಿದಿದ್ದದ್ದು ಹಮಾಲರ ಗಂಟಿನ ತುದಿಯನ್ನು. ಒಂದು ಜಗ್ಗು ಜಗ್ಗಿದರೆ ಪೂರಾ ಬಿಚ್ಚಿಕೊಳ್ಳುವ ತುದಿ.

ಕೆಳಗೆ ಮಾವ ಒರಳುಕಲ್ಲಿನಿಂದ ಎದ್ದು ಓಡಲು ಹೋಗಿ ಊರುಗೋಲು ಸಮೇತ ಬಿದ್ದಿದ್ದ. ಬಿದ್ದಲ್ಲಿಂದಲೇ, "ಎತ್ತು, ಎತ್ತು ಹಿಡೀರಿ," ಎನ್ನುತ್ತ ತೆವಳುತ್ತಿದ್ದ. ದೊಡ್ಡಮ್ಮ ಆಗಲೇ ಮೂಗುದಾರಕ್ಕೆ ಕೈ ಹಾಕಿ ಎತ್ತನ್ನು ನಿಲ್ಲಿಸಿದ್ದಳು. ಮುಂದಕ್ಕೂ ಬಿಡದೆ, ಹಿಂದಕ್ಕೂ ಬಿಡದೆ, ಅದರ ಕೊರಳಿಗೆ ತನ್ನ ಹೆಗಲು ಕೊಟ್ಟು ನಿಂತಿದ್ದಳು. ಅಲ್ಲಿಂದ ಕತ್ತೆತ್ತಿ ನೋಡಿದವಳಿಗೆ ನನಗೆ ಕಂಡದ್ದೇ ಕಂಡಿತು.

"ಲೇ, ಎಡಗೈ ಬಿಡು," ಎಂದಳು. "ಅದು ಬಿಚ್ಚೋ ತುದಿ."

ಅತ್ತೆ ಕೆಳಗೆ ನೋಡಿದಳು. ನೇತಾಡುತ್ತಲೇ ಕೇಳಿದಳು: "ಯಾರಿಗೆ ಹೇಳ್ತಿ?"

ನನ್ನ ಕೈ ಬೆವರಿ ಜಾರುತ್ತಿತ್ತು. ಮಣ್ಣು ಉದುರುತ್ತಿತ್ತು. ಆ ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ನೋಡುತ್ತಿದ್ದರು.

"ನಿನಗ. ನಿನಗ ಹೇಳಾಕತ್ತೀನಿ, ಎತ್ತಿಗಲ್ಲ. ಕೈ ಬಿಟ್ಟು ತೊಲಿ ಹಿಡಿ."

ಅತ್ತೆ ಕೈ ಬಿಟ್ಟಳು. ತೊಲೆ ಹಿಡಿದಳು. ಮಾವ ತೆವಳುತ್ತ ಬಂದು, ಎತ್ತಿನ ಎದೆಯ ಆಚೆ ಉಳಿದಿದ್ದ ಹಗ್ಗದ ತುದಿಯನ್ನು ಬೇವಿನ ಮರಕ್ಕೆ ಸುತ್ತಿ ಬಿಗಿದ. ಈ ಸಲದ್ದು ಬಿಚ್ಚದ ಗಂಟು. ಆಮೇಲೆ ಅವನು ಮರದ ಬುಡಕ್ಕೆ ಒರಗಿ ಕಣ್ಣು ಮುಚ್ಚಿದ. ನಾನು ಕುರ್ಚಿಯ ಕೈಯನ್ನು ಹಿಡಿದು ಕುಂಬಿಯ ಕಡೆ ತಿರುಗಿಸಿದೆ, ಅತ್ತೆ ತೊಲೆಯನ್ನು ತಬ್ಬಿಕೊಂಡು ಎದೆಯನ್ನು ಗೋಡೆಯ ಈಚೆ ತಂದಳು. ಆಗ ನಾನೇ ಆ ತುದಿಯನ್ನು ಜಗ್ಗಿದೆ. ಮಾವ ಹೇಳಿದ್ದು ಸುಳ್ಳಲ್ಲ, ಪೂರಾ ಬಿಚ್ಚಿಕೊಂಡಿತು. ಅತ್ತೆ ಉರುಳಿ ಒಣಹಾಕಿದ್ದ ಮೆಕ್ಕೆಜೋಳದ ತೆನೆಗಳ ಮೇಲೆ ಬಂದು ಬಿದ್ದಳು, ಅವಳ ಮೇಲೆ ನಾನು.

ನನ್ನ ಕೆಳಗೆ ಅತ್ತೆಯ ಹೊಟ್ಟೆ ಅಲುಗತೊಡಗಿತು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು.

"ಎರಡೂವರಿ ಚೀಲ ಅಂದ್ನಲ್ಲ ನಿಮ್ಮ ಮಾವ," ಎಂದಳು. "ತೊಲಿ ನೋಡಿದ್ರ ಮೂರ ಆಗೇನಿ."

ಕಾಲು ಅಲುಗಿಸಿ ನೋಡಿದಳು. ರಾಡ್ ಇದ್ದಲ್ಲೇ ಇತ್ತು. ಹಟ್ಟೆವ್ವಗಳೆಲ್ಲ ತಟ್ಟೆಯ ಜೊತೆ ಹೋಗಿದ್ದವು. ಒಂದು ಮಾತ್ರ ಅವಳ ಸೀರೆಯ ನಿರಿಗೆಯಲ್ಲಿ ಸಿಕ್ಕಿಕೊಂಡು ಅಪ್ಪಚ್ಚಿಯಾಗಿತ್ತು. ಅದನ್ನು ಬಿಡಿಸಿ, ಅಂಗೈಯಲ್ಲಿ ಉರುಳಿಸಿ ಮತ್ತೆ ಉಂಡೆ ಮಾಡಿದಳು. ತೆನೆಗಳ ನಡುವೆ ಕೂತುಕೊಂಡೇ ಮೂಲೆಯವರೆಗೆ ಸರಿದು, ಅದನ್ನಿಟ್ಟು, ಒಂದಿಷ್ಟು ತಿರುಗಿಸಿದಳು. ನಾನು ಎಷ್ಟು ನೋಡಿದರೂ ಮುಖ ಯಾವುದು ಎಂದು ತಿಳಿಯಲಿಲ್ಲ. ಅವಳಿಗೆ ಸಮಾಧಾನವಾದಂತೆ ಕಂಡಿತು.

"ಇನ್ನ ಇಳಿಯೂದು ಹೆಂಗ?" ಎಂದಳು.

ತೊಲೆ ಇನ್ನೊಂದು ಸಲ ತಾಳುವಂತಿರಲಿಲ್ಲ. ಏಣಿ ಅವಳಿಗೆ ಆಗದು. ಸಂಜೆ ಅವಳ ಮಗ ಕರೆದೊಯ್ಯಲು ಬರುವವನಿದ್ದ. ಮಾಳಿಗೆಯ ಮೇಲೆ ತಾಯಿಯನ್ನು ಕಂಡರೆ ಮುಂದಿನದು ಹೇಳಬೇಕಿಲ್ಲ. ನಾನು ಪಕ್ಕದ ಮಾಳಿಗೆಯ ಕಡೆ ನೋಡಿದೆ. ಅತ್ತೆ ನೋಡಲಿಲ್ಲ. ಅಷ್ಟರಲ್ಲಿ ಆ ಕಡೆಯಿಂದ ದೊಡ್ಡಮ್ಮ ತನ್ನ ಮೆಟ್ಟಿಲು ಹತ್ತಿ ಬಂದು ಕುಸಿದ ಗೋಡೆಯ ಆಚೆ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಬರ್ತೀಯೋ, ಇಲ್ಲಾ ಕಾಗಿ ಕೈಲಿ ಹೇಳಿ ಕಳಸಲೋ?" ಎಂದಳು.

"ನಿನ್ನ ಮೆಟ್ಟಲಾ ಚಂದಾಗಿ ತೊಳದೀಯೇನು?" ಎಂದಳು ಅತ್ತೆ. ಎನ್ನುತ್ತಲೇ ಕೂತಲ್ಲಿಂದ ಸರಿಯತೊಡಗಿದಳು.

ಇಳಿದದ್ದು ಹೀಗೆ. ಅತ್ತೆ ಮೆಟ್ಟಿಲ ಮೇಲೆ ಕೂತು, ಎರಡು ಕೈ ಊರಿ, ಮೆಲ್ಲಗೆ ಕೆಳಗಿನ ಮೆಟ್ಟಿಲಿಗೆ ಇಳಿಯುವಳು. ಕೆಳಗಿನ ಮೆಟ್ಟಿಲಲ್ಲಿ ದೊಡ್ಡಮ್ಮ ಅವಳ ಮುರಿದ ಕಾಲನ್ನು ಎರಡೂ ಕೈಯಲ್ಲಿ ಹಿಡಿದು ಹಿಂದೆ ಹಿಂದೆ ಇಳಿಯುವಳು. ಹಿಂದಿನಿಂದ ನಾನು ಕಂಕುಳಲ್ಲಿ ಹಿಡಿದಿದ್ದೆ. ದಾರಿಯುದ್ದಕ್ಕೂ ಅವರ ಬಾಯಿ ನಿಲ್ಲಲಿಲ್ಲ.

"ಆ ಹೋಳಿಗಿ ಮಾತಿಗೆ ಇಷ್ಟು ವರ್ಷ ಸಿಟ್ಟು ಇಟಗೊಂಡಿದ್ದಿಯಲ್ಲ, ನಿನ್ನ ಹೊಟ್ಟಿ ಎಷ್ಟು ದೊಡ್ಡದಿದ್ದೀತು," ಎಂದಳು ದೊಡ್ಡಮ್ಮ.

"ನೀನು ತಿಂದದ್ದು ನಾಕು. ಮೆಟ್ಟು ಹೊಲಿಯೋದಾಗಿದ್ರ ನಾಕು ಯಾಕ ತಿಂದಿ?"

"ಎರಡು ಜೊತಿ ಆಗಲಿ ಅಂತ."

ಅತ್ತೆ ನಗು ತಡೆಯಲಾರದೆ ಆ ಮೆಟ್ಟಿಲ ಮೇಲೇ ಕೂತುಬಿಟ್ಟಳು. "ನಗಬ್ಯಾಡ, ಜಾರತಿ," ಎಂದು ದೊಡ್ಡಮ್ಮ ಗದರಿದಳು.

ಅಪ್ಪ, ಅವ್ವ ಬಂದಾಗ ಕುರ್ಚಿ ಅದರ ಜಾಗದಲ್ಲಿತ್ತು, ಎತ್ತು ಸೊಪ್ಪೆ ಮೇಯುತ್ತಿತ್ತು, ಮಾವ ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ. ಅಪ್ಪ ಹಿತ್ತಲಿಗೆ ಹೋಗಿ ಸೊಟ್ಟಗಾಗಿದ್ದ ತೊಲೆಯನ್ನು ನೋಡಿದ. ನನ್ನ ಅಂಗೈಯ ಬಳೆ ಗಾಯವನ್ನು ನೋಡಿದ. ಪಕ್ಕದ ಮನೆಯಿಂದ ಅಕ್ಕನ ನಗು ಕೇಳಿಸುತ್ತಿತ್ತು. ಅಪ್ಪ ಒಳಗೆ ಬಂದು ಒಂದು ಚೊಂಬು ನೀರು ಕುಡಿದ, ಏನನ್ನೂ ಕೇಳಲಿಲ್ಲ. ಕೇಳಿದ್ದರೆ ಗೊತ್ತಿದೆ ಎಂದಾಗುತ್ತಿತ್ತು, ಗೊತ್ತಿದ್ದರೆ ಅಕ್ಕನ ಮಗನಿಗೆ ಹೇಳಬೇಕಾಗುತ್ತಿತ್ತು.

ಸಂಜೆ ಅತ್ತೆಯ ಮಗ ಬಂದ. ತಾಯಿ ಎಲ್ಲಿ ಎಂದರೆ ಪಕ್ಕದ ಮನೆಯಲ್ಲಿ ಚಹಾ ಕುಡಿಯುತ್ತಿದ್ದಾಳೆ ಎಂದೆವು. ಅವನ ಹುಬ್ಬು ಮೇಲೆ ಹೋಯಿತು. ಆ ಮನೆಯ ಹೊಸ್ತಿಲನ್ನು ತಾಯಿ ತುಳಿದದ್ದನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅಲ್ಲಿಗೆ ಹೋದ, ಹಿಂದೆ ನಾನೂ ಹೋದೆ. ಅತ್ತೆಯ ಸೀರೆಯ ಹಿಂಭಾಗದಲ್ಲಿ ಮಣ್ಣಿತ್ತು, ಜಡೆಯಲ್ಲಿ ಮೆಕ್ಕೆಜೋಳದ ರೇಷ್ಮೆಯ ಎಳೆಯೊಂದು ಸಿಕ್ಕಿಕೊಂಡಿತ್ತು. ಅವನು ಅದನ್ನು ಬೆರಳಲ್ಲಿ ಎಳೆದು ತೆಗೆದ. ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದ. ನಮ್ಮ ಮನೆಯವರನ್ನು ಕೇಳಿ ಪ್ರಯೋಜನವಿಲ್ಲ ಎಂದು ಅವನಿಗೆ ಗೊತ್ತು. ಸುಳ್ಳು ಹೇಳಿ ತಾಯಿಯನ್ನು ಉಳಿಸುವ ಹಂಗಿಲ್ಲದವರು ಅಲ್ಲಿ ಒಬ್ಬರೇ.

"ದೊಡ್ಡಮ್ಮ, ನೀವು ಹೇಳ್ರಿ," ಎಂದ. "ನೀವಾದ್ರೆ ನಮ್ಮವ್ವನ ಪರ ಹೇಳಲ್ಲ. ಈಕಿ ಏನಾದ್ರೂ ಹತ್ತಿದ್ಲಾ?"

ಅತ್ತೆ ಚಹಾದ ಬಸಿಯನ್ನು ಕೆಳಗಿಟ್ಟಳು. ಮಾಳಿಗೆಯ ತುದಿಯಲ್ಲಿ ನೇತಾಡಿದಾಗಲೂ ಅವಳ ಮುಖ ಅಷ್ಟು ಸಣ್ಣದಾಗಿರಲಿಲ್ಲ. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ.

ದೊಡ್ಡಮ್ಮ ಚಹಾ ಸೋಸುತ್ತಿದ್ದವಳು ತಿರುಗಲಿಲ್ಲ. "ನಿಮ್ಮವ್ವ ಒಂದು ಮೆಟ್ಟಲಾನೂ ಹತ್ತಿಲ್ಲಪ್ಪ," ಎಂದಳು. "ನಾನ ಕಣ್ಣಾರೆ ನೋಡೀನಿ. ಏಣಿ ಹತ್ರಾನೂ ಹೋಗಿಲ್ಲ. ಇವತ್ತು ಪೂರ್ತಿ ಕುರ್ಚಿಮ್ಯಾಗ ಕುಂತಾಳ. ತಗೋ, ಚಹಾ ಕುಡಿ."

ಅವನಿಗೆ ಪೂರಾ ನಂಬಿಕೆ ಬಂತೆಂದು ನಾನು ಹೇಳಲಾರೆ. ಆದರೆ ಚಹಾ ಕುಡಿದ. ಕಾರಿನ ಹತ್ತಿರ ಅಪ್ಪನಿಗೆ, "ಮುಂದಿನ ವರ್ಷ ಒಂದಿನ ಮೊದ್ಲೇ ಕರ್ಕೊಂಡು ಬರ್ತೀನಿ ಬಿಡ್ರಿ," ಎಂದ. ಅತ್ತೆ ಕಾರಿನೊಳಗಿಂದ ಪಕ್ಕದ ಮನೆಯ ಬಾಗಿಲನ್ನು ನೋಡುತ್ತಿದ್ದಳು. ದೊಡ್ಡಮ್ಮ ಹೊರಗೆ ಬರಲಿಲ್ಲ.

ಮುಂದಿನ ದೀಪಾವಳಿಗೆ ಅತ್ತೆ, ಮಗ ಹೇಳಿದಂತೆ, ಒಂದು ದಿನ ಮೊದಲೇ ಬಂದಳು. ಪಾಡ್ಯದ ಬೆಳಿಗ್ಗೆ ಪಕ್ಕದ ಮನೆಯ ಮೆಟ್ಟಿಲ ಮೇಲೆ ಹಿಂದುಮುಂದಾಗಿ ಕೂತು, ಕೈಯೂರಿ ಮೇಲೆ ಮೇಲೆ ಸರಿದಳು. ದೊಡ್ಡಮ್ಮ ಅವಳ ಕಾಲು ಹಿಡಿದು, "ಏಳವ್ವ ಅಂಡಿಗಿ, ಏಳು," ಎನ್ನುತ್ತಿದ್ದಳು. ಮಾವ ಕೆಳಗೆ ಒರಳುಕಲ್ಲಿನ ಮೇಲೆ ಕೂತಿದ್ದ, ಅವನ ಕೈಗೆ ಹಗ್ಗ ಸಿಗದಂತೆ ಅವ್ವ ಎಲ್ಲವನ್ನೂ ಎತ್ತಿಟ್ಟಿದ್ದಳು. ಹಟ್ಟೆವ್ವಗಳನ್ನು ಹಿಡಿದು ಹಿಂದೆ ಹೋದವಳು ನಾನು. ಸ್ಟೀಲ್ ತಟ್ಟೆ ಬೇಡವೆಂದು ಬಿದಿರಿನ ಮೊರದಲ್ಲಿ ಇಟ್ಟುಕೊಂಡಿದ್ದೆ. ಆದರೂ ಮಾಳಿಗೆ ಮೇಲೆ ಕಾಲಿಟ್ಟ ಕೂಡಲೇ ತೊಲೆ ಇದ್ದ ಜಾಗ ನೋಡಿ ಮೊರವನ್ನು ಎದೆಗೆ ಅವಚಿಕೊಂಡೆ. ಅಪ್ಪ ಆ ತೊಲೆಯನ್ನು ಕಿತ್ತುಹಾಕಿಸಿ ಅಲ್ಲಿ ಹೊಸ ಮಣ್ಣು ಮೆತ್ತಿಸಿದ್ದ.

ಕೆಳಗೆ ಬಂದ ಮೇಲೆ ಅತ್ತೆ ತಾನೇ ಕೂತು ಮಾಡಿದ ಹೋಳಿಗೆಯನ್ನು ದೊಡ್ಡಮ್ಮನ ಮುಂದೆ ಇಟ್ಟಳು. ದೊಡ್ಡಮ್ಮ ಅದನ್ನು ಎರಡು ಕೈಯಲ್ಲಿ ಹಿಡಿದು ಎಳೆದು ನೋಡಿದಳು. ಹೋಳಿಗೆ ಹರಿಯಲಿಲ್ಲ.

"ನಾಕ ಕೊಡು," ಎಂದಳು ದೊಡ್ಡಮ್ಮ.